ಸಹಾಯ ಬೇಕು: ಒಂದು ಗೇಣು ನೆರಳಿಗೆ ನಾಲ್ಕೂ ಪ್ಯಾನೆಲ್ ಸುಸ್ತು

ನಮ್ಮದು ಪೂರ್ತಿ ಸೋಲಾರ್ ಮನೆ, ಹೊರಗಿನ ಕರೆಂಟ್ ಇಲ್ಲ. 330 ವ್ಯಾಟ್‌ನ 4 ಪ್ಯಾನೆಲ್ ಸೀರೀಸ್‌ನಲ್ಲಿವೆ (ಸರಪಳಿಯಂತೆ ಒಂದಕ್ಕೊಂದು ಜೋಡಿಸಿವೆ). 24 ವೋಲ್ಟ್ ಬ್ಯಾಟರಿ, ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್‌ಗಳಿಂದ ಅತಿ ಹೆಚ್ಚು ವ್ಯಾಟ್ ಸಿಗುವ ವೋಲ್ಟೇಜ್ ಹುಡುಕಿ ಬ್ಯಾಟರಿ ಚಾರ್ಜ್ ಮಾಡುವ ಸಾಧನ).

ಮಧ್ಯಾಹ್ನ 3 ಗಂಟೆಗೆ ಮರದ ನೆರಳು ಕೊನೆಯ ಪ್ಯಾನೆಲ್‌ನ ಕೆಳಗಿನ ಅಂಚಿಗೆ ಬೀಳುತ್ತದೆ. ಬರೀ ಒಂದು ಗೇಣು! ಅಷ್ಟಕ್ಕೇ 800 ವ್ಯಾಟ್ ಇದ್ದದ್ದು 180ಕ್ಕೆ ಕುಸಿಯುತ್ತದೆ. ವಿಚಿತ್ರ ಏನೆಂದರೆ, ಪ್ಯಾನೆಲ್ ಕಡೆಯ ಬ್ರೇಕರ್ ಆಫ್ ಮಾಡಿ ಆನ್ ಮಾಡಿದರೆ 580ಕ್ಕೆ ಏರುತ್ತದೆ. ಅಂದರೆ ಬೈಪಾಸ್ ಡಯೋಡ್ (ಪ್ಯಾನೆಲ್‌ನಲ್ಲಿ ನೆರಳು ಬಿದ್ದ ಸೆಲ್ ಸಾಲನ್ನು ಬಿಟ್ಟು ಕರೆಂಟ್ ಹಾಯಿಸುವ ಭಾಗ) ಸರಿಯಿದೆ, ಕಂಟ್ರೋಲರೇ ತಪ್ಪು ವೋಲ್ಟೇಜ್‌ನಲ್ಲಿ ಸಿಕ್ಕಿಕೊಳ್ಳುತ್ತಿದೆ, ಅಲ್ವಾ? ದಿನಾ ಹೋಗಿ ಬ್ರೇಕರ್ ಒತ್ತೋದು ಸಾಕಾಗಿದೆ.

ನಾಲ್ಕನ್ನೂ ಪ್ಯಾರಲಲ್ ಮಾಡಿದರೆ ಕೇಬಲ್ ದಪ್ಪ ಬೇಕು, ಬಿಸಿಲಿಗೆ ಕಾದಾಗ ಬ್ಯಾಟರಿ ಚಾರ್ಜ್ ಮಾಡಲು ವೋಲ್ಟೇಜ್ ಸಾಲುತ್ತದೋ ಇಲ್ಲವೋ ಎಂಬ ಭಯ. ಆ ಒಂದು ಪ್ಯಾನೆಲನ್ನು ಅಡ್ಡ ಮಲಗಿಸಿದರೆ ನೆರಳು ಒಂದೇ ಡಯೋಡ್‌ನ ಸಾಲಿಗೆ ಬೀಳುತ್ತದಾ? ಹೀಗೆ ಮಾಡಿ ನೋಡಿದವರು ಯಾರಾದರೂ ಇದ್ದೀರಾ?

ಮರ ಕಡಿಯಿರಿ ಅಂತ ಮಾತ್ರ ಹೇಳಬೇಡಿ.