ಬಾರ್ಬೆಕ್ಯೂ ಒಲೆಯ ಬೂದಿಯನ್ನು ಕಾಂಪೋಸ್ಟಿಗೆ ಹಾಕಬಹುದೇ?

ಪ್ರಶ್ನೆ
ಬೆಂಗಳೂರಿನ ನಮ್ಮ ಮನೆಯ ತಾರಸಿಯಲ್ಲಿ ಸೊಪ್ಪು, ತರಕಾರಿ ಬೆಳೆಯುತ್ತೇವೆ. ಅಡುಗೆಮನೆಯ ಹಸಿ ಕಸ, ಒಣ ಎಲೆ ಮತ್ತು ತೆಂಗಿನ ನಾರಿನ ಪುಡಿಯನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕೊಳೆಸಿ ಗೊಬ್ಬರ ಮಾಡುತ್ತೇವೆ. ರಜೆಯಲ್ಲಿ ಅಲ್ಲಿಯೇ ಒಲೆ ಹೊತ್ತಿಸಿ ಕೋಳಿ, ಜೋಳದ ತೆನೆ ಸುಡುವುದುಂಟು. ಅದಕ್ಕೆ ತೆಂಗಿನ ಚಿಪ್ಪಿನ ಇದ್ದಿಲನ್ನೂ ಅಂಗಡಿಯಲ್ಲಿ ಸಿಗುವ ಅಚ್ಚು ಹಾಕಿದ ಇದ್ದಿಲಿನ ಬಿಲ್ಲೆಗಳನ್ನೂ ಬಳಸುತ್ತೇವೆ. ಉಳಿದ ಬೂದಿಯನ್ನು ಡ್ರಮ್ಮಿಗೆ ಸೇರಿಸಬಹುದೇ, ಅದರಲ್ಲಿ ಬೆಳೆದ ಸೊಪ್ಪನ್ನು ತಿನ್ನಲು ಅಡ್ಡಿಯಿಲ್ಲವೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1
ಬೂದಿ ಯಾವುದರದ್ದು ಎಂಬುದನ್ನು ಮೊದಲು ನೋಡಬೇಕು. ಚಿಪ್ಪಿನ ಇದ್ದಿಲು ಅಥವಾ ಬಣ್ಣ, ವಾರ್ನಿಷ್, ಗೆದ್ದಲಿನ ಔಷಧ ಯಾವುದೂ ತಾಗದ ಸೌದೆಯ ಬೂದಿಯಾದರೆ ಮಿತವಾಗಿ ಹಾಕಬಹುದು. ಸೌದೆಯ ಬೂದಿಯಲ್ಲಿ ಸುಣ್ಣದ ಅಂಶ ಹೆಚ್ಚು. ಪೊಟ್ಯಾಷ್ ಮತ್ತು ಸ್ವಲ್ಪ ರಂಜಕವೂ ಇರುತ್ತವೆ. ಸಾರಜನಕ ಮಾತ್ರ ಉರಿಯುವಾಗಲೇ ಹೊರಟುಹೋಗಿರುತ್ತದೆ.

ಬಿಲ್ಲೆಗಳ ವಿಷಯ ಬೇರೆ. ಕೆಲವು ತಯಾರಕರು ಅದರಲ್ಲಿ ಕಲ್ಲಿದ್ದಲಿನ ಪುಡಿಯನ್ನೂ, ಬೇಗ ಹೊತ್ತಿಕೊಳ್ಳಲು ಸೋಡಿಯಂ ನೈಟ್ರೇಟನ್ನೂ, ಅಚ್ಚಿನಿಂದ ಸುಲಭವಾಗಿ ಬಿಟ್ಟುಕೊಳ್ಳಲು ಬೊರಾಕ್ಸನ್ನೂ ಸೇರಿಸುತ್ತಾರೆ. ಕಲ್ಲಿದ್ದಲಿನ ಬೂದಿಯಲ್ಲಿ ಉಳಿಯುವ ಆರ್ಸೆನಿಕ್, ಸೀಸದಂಥ ಧಾತುಗಳು ಎಷ್ಟು ತಿಂಗಳು ಕೊಳೆಸಿದರೂ ಇಲ್ಲವಾಗುವಂಥವಲ್ಲ. ಚೀಲದ ಮೇಲೆ ಏನೇನು ಸೇರಿದೆ ಎಂದು ಸ್ಪಷ್ಟವಾಗಿ ಬರೆದಿಲ್ಲವಾದರೆ, ಆ ಬೂದಿಯನ್ನು ತಿನ್ನುವ ಗಿಡಗಳ ಹತ್ತಿರಕ್ಕೆ ತರಬೇಡಿ. ಹೊತ್ತಿಸುವ ದ್ರಾವಣ ಸುರಿದ ಇದ್ದಿಲಿನ ಬೂದಿಯನ್ನೂ ನಾನು ಬಳಸುವುದಿಲ್ಲ.

ಉತ್ತರ 2
ಕೋಳಿ ಸುಟ್ಟ ಒಲೆಯಲ್ಲಿ ಕೊಬ್ಬು ತೊಟ್ಟಿಕ್ಕಿ ಬೂದಿ ಅಲ್ಲಲ್ಲಿ ಕಪ್ಪಗೆ, ಜಿಡ್ಡಾಗಿ ಗಂಟುಕಟ್ಟಿರುತ್ತದೆ. ಆ ಗಂಟುಗಳು ಡ್ರಮ್ಮಿಗೆ ಹೋದರೆ ಇಲಿಯೂ ನೊಣವೂ ತಪ್ಪುವುದಿಲ್ಲ. ಆದ್ದರಿಂದ ಜರಡಿ ಹಿಡಿದು, ಒಣಗಿದ ಬಿಳಿ ಬೂದಿಯನ್ನು ಮಾತ್ರ ತೆಗೆದುಕೊಳ್ಳಿ. ಬೂದಿ ಮುಚ್ಚಿದ ಕೆಂಡ ಮರುದಿನವೂ ಜೀವಂತವಾಗಿರುವುದುಂಟು; ತೆಂಗಿನ ನಾರಿನ ಪುಡಿ ತುಂಬಿದ ಪ್ಲಾಸ್ಟಿಕ್ ಡ್ರಮ್ಮಿಗೆ ಅದು ಬಿದ್ದರೆ ಅನಾಹುತವೇ ಆದೀತು. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಕೆಲವು ದಿನ ಇಟ್ಟು, ಪೂರ್ತಿ ತಣಿದ ಮೇಲೆಯೇ ಬಳಸಿ.

ಉತ್ತರ 3
ನಮ್ಮ ಕರಾವಳಿಯಲ್ಲಿ ಬಚ್ಚಲ ಒಲೆಯ ಬೂದಿಯನ್ನು ತೆಂಗಿನ ಬುಡಕ್ಕೆ ಹಾಕುವುದು ಹಿಂದಿನಿಂದ ಬಂದ ರೂಢಿ. ಜಡಿಮಳೆಗೆ ಸುಣ್ಣದ ಅಂಶ ಕೊಚ್ಚಿಹೋಗಿ ಇಲ್ಲಿನ ಮಣ್ಣು ಆಮ್ಲೀಯವಾಗಿರುವುದರಿಂದ ಕ್ಷಾರಗುಣದ ಬೂದಿ ಅದಕ್ಕೆ ಹೊಂದುತ್ತದೆ. ಆದರೆ ಗಡಸು ಬೋರ್‌ವೆಲ್ ನೀರು ಕುಡಿದು ಅಂಚಿನಲ್ಲಿ ಬಿಳಿ ಪದರ ಕಟ್ಟಿರುವ ಕುಂಡಗಳಿಗೆ ಅದೇ ಬೂದಿ ಹೊರೆಯಾಗುತ್ತದೆ; ಮಣ್ಣಿನಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ಸಿಗದೆ, ನರಗಳು ಹಸಿರಾಗಿಯೇ ಉಳಿದು ಚಿಗುರೆಲೆ ಹಳದಿಯಾಗುತ್ತದೆ. ಒಂದು ಪದರ ಕಸದ ಮೇಲೆ ತೆಳುವಾಗಿ ಉದುರಿಸುವಷ್ಟು ಸಾಕು. ಎರೆಹುಳು ಇರುವ ತೊಟ್ಟಿಗೆ ಹಾಕಲೇಬೇಡಿ. ಹಸಿ ಸಗಣಿ ಅಥವಾ ಯೂರಿಯಾದೊಂದಿಗೆ ಬೆರೆಸಿದರೂ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಬಿಲ್ಲೆಗಳ ಬೂದಿಯನ್ನು ಏನು ಮಾಡಬೇಕು?

ಉತ್ತರ 1
ಪೂರ್ತಿ ಆರಿದ ಮೇಲೆ ಪೊಟ್ಟಣ ಕಟ್ಟಿ, ಹಸಿ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಕಸದ ಗಾಡಿಗೆ ಕೊಡಿ. ಮುಂದಕ್ಕೆ ಚಿಪ್ಪಿನ ಇದ್ದಿಲನ್ನಷ್ಟೇ ಬಳಸುವುದಾದರೆ ಈ ಪ್ರಶ್ನೆಯೇ ಬರುವುದಿಲ್ಲ.