ಕದಿರಿನಂಥ ಗೆಲಾಕ್ಸಿ ಎನ್‌ಜಿಸಿ 3115: ಹುಡುಕಿದವರ ಅನುಭವ

ಕೇಳಿದ್ದು: ನನ್ನ ಹತ್ತಿರ 6 ಇಂಚಿನ ಟೆಲಿಸ್ಕೋಪ್ ಇದೆ. ಎನ್‌ಜಿಸಿ 3115 ಎಂಬ ಮಸೂರಾಕಾರದ ಗೆಲಾಕ್ಸಿಯನ್ನು ಎರಡು ರಾತ್ರಿ ಹುಡುಕಿದೆ, ಸಿಗಲಿಲ್ಲ. ನೋಡಿದವರು ಹೇಗೆ ಹುಡುಕಿದಿರಿ? ಸಿಕ್ಕರೆ ಏನು ಕಾಣುತ್ತದೆ?

ಉತ್ತರ: ನನಗೂ ಮೊದಲು ಸಿಕ್ಕಿರಲಿಲ್ಲ. ಅದು ಇರುವುದು ಸೆಕ್ಸ್ಟನ್ಸ್ ನಕ್ಷತ್ರಪುಂಜದಲ್ಲಿ. ಅಲ್ಲಿ ಗುರುತಿಗೆ ಒಂದು ಹೊಳೆಯುವ ನಕ್ಷತ್ರವೂ ಇಲ್ಲ. ಹಾಗಾಗಿ ಹೊರಗಿನಿಂದ ಬನ್ನಿ. ಮಘಾ ನಕ್ಷತ್ರದಿಂದ ನೇರ ದಕ್ಷಿಣಕ್ಕೆ ಎರಡು ಮುಷ್ಟಿ ದೂರ. ಒಂಟಿಯಾಗಿ ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಆಲ್ಫಾರ್ಡ್ ನಕ್ಷತ್ರದಿಂದ ಪೂರ್ವಕ್ಕೆ ಒಂದು ಮುಷ್ಟಿ. ಎರಡೂ ಕೂಡುವ ಕಡೆ ಗೆಲಾಕ್ಸಿ ಇದೆ. ಮುಷ್ಟಿ ಅಂದರೆ ಕೈ ಪೂರ್ತಿ ಚಾಚಿ ಹಿಡಿದದ್ದು, ಸುಮಾರು 10 ಡಿಗ್ರಿ.

ಉತ್ತರ: ಇದನ್ನು ಕಂಡುಹಿಡಿದ ಖಗೋಳವಿಜ್ಞಾನಿ ವಿಲಿಯಂ ಹರ್ಷಲ್ ಅವರ ದಾರಿಯೇ ನನಗೆ ಕೈಹಿಡಿಯಿತು. ಅವರು ಟೆಲಿಸ್ಕೋಪನ್ನು ದಕ್ಷಿಣೋತ್ತರ ರೇಖೆಯಲ್ಲಿ ಇಟ್ಟುಕೊಂಡು, ಆಕಾಶವೇ ಕಣ್ಣೆದುರು ಸರಿದುಹೋಗಲು ಬಿಡುತ್ತಿದ್ದರು. ಕಂಡದ್ದನ್ನು ಕೂಗಿ ಹೇಳಿದರೆ ತಂಗಿ ಕ್ಯಾರೋಲಿನ್ ಬರೆದುಕೊಳ್ಳುತ್ತಿದ್ದರು. 1787ರ ಫೆಬ್ರವರಿ 22ರಂದು ಈ ಗೆಲಾಕ್ಸಿ ಅವರ ಕಣ್ಣಿಗೆ ಬಿತ್ತು. ನೀವೂ ಹಾಗೇ ಮಾಡಿ. ಜಾಗಕ್ಕಿಂತ ಸ್ವಲ್ಪ ಪಶ್ಚಿಮಕ್ಕೆ ತಿರುಗಿಸಿ, ಕೈ ಬಿಟ್ಟು ಕಾಯಿರಿ. ಮಸುಕಾದದ್ದು ನಿಂತಿದ್ದರೆ ಕಣ್ಣು ಗಮನಿಸುವುದಿಲ್ಲ, ಸರಿದರೆ ತಟ್ಟನೆ ಹಿಡಿಯುತ್ತದೆ. ನನಗೆ ಐಪೀಸ್‌ನ (ಕಣ್ಣಿಟ್ಟು ನೋಡುವ ಮಸೂರದ) ಅಂಚಿನಿಂದ ಒಂದು ಬಿಳಿ ಗೀರು ಮೆಲ್ಲಗೆ ಒಳಗೆ ಬಂತು. ಉಸಿರು ಬಿಗಿಹಿಡಿದು ನೋಡಿದೆ.

ಉತ್ತರ: ಸುರುಳಿ ತೋಳುಗಳನ್ನು ಹುಡುಕಬೇಡಿ. ಮಸೂರಾಕಾರದ ಗೆಲಾಕ್ಸಿಗೆ ತಟ್ಟೆ ಇದೆ, ನಡುವೆ ಉಬ್ಬಿದೆ, ತೋಳು ಮಾತ್ರ ಇಲ್ಲ. ಹೊಸ ನಕ್ಷತ್ರ ಹುಟ್ಟಲು ಬೇಕಾದ ಅನಿಲವೂ ತೀರಾ ಕಡಿಮೆ. ಇದು ನಮಗೆ ಅಂಚಿನಿಂದ ಕಾಣುತ್ತದೆ, ಅದಕ್ಕೇ ಎರಡೂ ತುದಿ ಚೂಪಾದ, ನೂಲುವ ಕದಿರಿನಂತಿದೆ. ನೇರವಾಗಿ ದಿಟ್ಟಿಸದೆ ಓರೆಗಣ್ಣಿನಲ್ಲಿ ನೋಡಿದರೆ ಗೀರು ಇನ್ನೂ ಉದ್ದವಾಗುತ್ತದೆ. ಸಿಕ್ಕ ಮೇಲೆ ಮ್ಯಾಗ್ನಿಫಿಕೇಶನ್ ಜಾಸ್ತಿ ಮಾಡಿ, ಇದು ತಡೆದುಕೊಳ್ಳುತ್ತದೆ.

ನಡುವಿನ ಹೊಳಪನ್ನು ಮಾತ್ರ ತಪ್ಪಿಸಬೇಡಿ. ಅಲ್ಲಿನ ನಕ್ಷತ್ರಗಳ ವೇಗ ಅಳೆದೇ ಖಗೋಳವಿಜ್ಞಾನಿಗಳಾದ ಜಾನ್ ಕೊರ್ಮೆಂಡಿ ಮತ್ತು ಡಗ್ಲಸ್ ರಿಚ್‌ಸ್ಟೋನ್ 1992ರಲ್ಲಿ ಸುಮಾರು 100 ಕೋಟಿ ಸೂರ್ಯರಷ್ಟು ಭಾರದ ಕಪ್ಪುಕುಳಿ ಇದೆ ಎಂದು ತೋರಿಸಿದರು. ನಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟು ಸುಮಾರು 3 ಕೋಟಿ ವರ್ಷ ಆಗಿದೆ!

ಉತ್ತರ: ಚಂದ್ರನಿಲ್ಲದ ರಾತ್ರಿಯೇ ಬೇಕು. ಮಾರ್ಚ್ ಕೊನೆಯಲ್ಲಿ ರಾತ್ರಿ ಹತ್ತರ ಹೊತ್ತಿಗೆ ಅದು ತುಂಬಾ ಎತ್ತರದಲ್ಲಿರುತ್ತದೆ. ಅರ್ಧ ಗಂಟೆ ಮೊದಲೇ ಕತ್ತಲಲ್ಲಿ ಕೂತಿರಿ, ಫೋನ್ ಮುಟ್ಟಬೇಡಿ. ಸಿಕ್ಕಿದ ಮೇಲೆ ಬಂದು ಹೇಳ್ತೀರಿ ಅಲ್ವಾ?