ಕಡಿಮೆ ಬಜೆಟ್ಟಿನ ಹಾರರ್ ಕಾಮಿಡಿ ಒಬ್ಬರಿಗೆ ಹಿಡಿಸಿ ಇನ್ನೊಬ್ಬರಿಗೆ ಹಿಡಿಸದೇ ಹೋಗುವುದು ಏಕೆ?

ಪ್ರಶ್ನೆ: ಹೇಮಾವತಿ_ದಂಡೆ

ಕಡಿಮೆ ಬಂಡವಾಳದ ಹಾರರ್ ಕಾಮಿಡಿಗಳನ್ನು ನಾನು ಹುಡುಕಿ ಹುಡುಕಿ ನೋಡುವವನು. ಆದರೆ ಈ ಬಗೆಯ ಚಿತ್ರಗಳ ವಿಷಯದಲ್ಲಿ ನಮ್ಮ ಮನೆಯಲ್ಲಿ ಒಮ್ಮತವೆಂಬುದೇ ಇಲ್ಲ. ಅಕ್ಕನಿಗೆ ದೆವ್ವದ ಸಿನಿಮಾ ಎಂದರೆ ಪ್ರಾಣ. ಆದರೆ ನಡುವೆ ಯಾರಾದರೂ ನಗಿಸಲು ಹೊರಟರೆ ಅಲ್ಲಿಯವರೆಗೆ ಹುಟ್ಟಿದ ಭಯವೆಲ್ಲ ಹಾಳಾಯಿತೆಂದು ಬೇಸರಪಡುತ್ತಾಳೆ. ಭಾವನವರಿಗೆ ಹಾಸ್ಯವೇ ಮುಖ್ಯ; ಕೊಳೆತ ಮುಖಗಳೂ ಹರಿಯುವ ರಕ್ತವೂ ತೆರೆಯ ಮೇಲೆ ಬಂದ ಕೂಡಲೇ ಅವರು ಎದ್ದು ಹೋಗುತ್ತಾರೆ. 2018ರಲ್ಲಿ ಜಪಾನಿನಲ್ಲಿ ದೊಡ್ಡ ಗೆಲುವು ಕಂಡ ‘ಒನ್ ಕಟ್ ಆಫ್ ದ ಡೆಡ್’ ಚಿತ್ರವನ್ನು ಅವರಿಬ್ಬರೂ ಅರ್ಧ ಗಂಟೆಯ ಆಚೆಗೆ ನೋಡಲಿಲ್ಲ. ಆದರೆ 2025ರ ಜುಲೈನಲ್ಲಿ ತೆರೆಕಂಡ ನಮ್ಮ ‘ಸು ಫ್ರಮ್ ಸೋ’ ಚಿತ್ರಕ್ಕೆ ಇಡೀ ಮನೆಯೇ ಒಟ್ಟಿಗೆ ಹೋಗಿ ನಕ್ಕು ಬಂದಿತು.

ಎರಡೂ ಚಿತ್ರಗಳ ಬಂಡವಾಳ ಚಿಕ್ಕದು, ಎರಡೂ ತಾರೆಯರ ಹೆಸರನ್ನು ನಂಬಿ ನಿಂತವಲ್ಲ. ಹಾಗಿದ್ದರೂ ಇಷ್ಟು ಅಂತರವೇಕೆ? ಹಣದ ಕೊರತೆ ಈ ಬಗೆಯ ಚಿತ್ರಗಳಿಗೆ ನಿಜವಾಗಿಯೂ ಒಂದು ಅನುಕೂಲವೇ, ಅಥವಾ ಅಭಿಮಾನದಿಂದ ನಾವೇ ಹಾಗೆ ಅಂದುಕೊಳ್ಳುತ್ತಿದ್ದೇವೆಯೇ? ಸಿನಿಮಾ, ರಂಗಭೂಮಿಗಳಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಸಂಕಲನದ_ಮೇಜು

ನಾನು ಸಂಕಲನ ವಿಭಾಗದಲ್ಲಿ ಕೆಲಸ ಮಾಡುವವನಾದ್ದರಿಂದ ಆ ಕಡೆಯಿಂದಲೇ ಆರಂಭಿಸುತ್ತೇನೆ. ಹೆದರಿಸುವ ದೃಶ್ಯವನ್ನೂ ನಗಿಸುವ ದೃಶ್ಯವನ್ನೂ ಜೋಡಿಸುವ ಕ್ರಮ ಹೆಚ್ಚುಕಡಿಮೆ ಒಂದೇ. ಏನೋ ಆಗಲಿದೆ ಎಂಬ ನಿರೀಕ್ಷೆಯನ್ನು ಮೊದಲು ನೋಡುಗನಲ್ಲಿ ಹುಟ್ಟಿಸಬೇಕು, ಅದನ್ನು ತಡೆದು ಹಿಡಿಯಬೇಕು, ಆಮೇಲೆ ಅವನು ಎಣಿಸಿದ ಕ್ಷಣಕ್ಕಿಂತ ತುಸು ಮುಂಚೆ ಅಥವಾ ತುಸು ತಡವಾಗಿ ಬಿಡುಗಡೆ ಕೊಡಬೇಕು. ಅರ್ಧ ಸೆಕೆಂಡು ಆಚೀಚೆ ಆದರೆ ಚೀರಾಟವೂ ಹುಟ್ಟುವುದಿಲ್ಲ, ನಗುವೂ ಹುಟ್ಟುವುದಿಲ್ಲ. ಹೀಗಾಗಿ ಹಾರರ್ ಕಾಮಿಡಿಯಲ್ಲಿ ಒಂದು ದೃಶ್ಯ ಎಡವಿದಾಗ ಎರಡೂ ಒಟ್ಟಿಗೆ ಮುಗ್ಗರಿಸುತ್ತವೆ. ನಿಮ್ಮ ಅಕ್ಕನವರಿಗೂ ಭಾವನವರಿಗೂ ಒಂದೇ ಚಿತ್ರ ಬೇರೆ ಬೇರೆ ಕಾರಣಗಳಿಂದ ಬೇಸರ ತರಿಸುವುದರಲ್ಲಿ ಆಶ್ಚರ್ಯವಿಲ್ಲ.

ಈ ಅರ್ಧ ಸೆಕೆಂಡಿನ ಲೆಕ್ಕ ಸಂಕಲನದ ಮೇಜಿನ ಮೇಲೆ ಹುಟ್ಟುವುದಿಲ್ಲ; ಅದು ನಟರ ತಾಲೀಮಿನಲ್ಲಿ ಹುಟ್ಟಬೇಕು. ಕಡಿಮೆ ಬಜೆಟ್ಟಿನ ಚಿತ್ರ ಗೆಲ್ಲುವುದೂ ಸೋಲುವುದೂ ಬಹುಪಾಲು ಇಲ್ಲಿಯೇ ಎಂದು ನಾನು ನಂಬಿದ್ದೇನೆ. ಕ್ಯಾಮೆರಾ ಬಾಡಿಗೆ, ಜನರೇಟರ್, ರಾತ್ರಿಯ ಬೆಳಕು, ಮೇಕಪ್ ಎಲ್ಲಕ್ಕೂ ದಿನದ ಲೆಕ್ಕದಲ್ಲಿ ಹಣ ಸುರಿಯಬೇಕು. ಕ್ಯಾಮೆರಾ ಬರುವುದಕ್ಕೆ ಮುನ್ನ ನಟರು ಒಂದು ಖಾಲಿ ಕೋಣೆಯಲ್ಲಿ ದೃಶ್ಯವನ್ನು ಮತ್ತೆ ಮತ್ತೆ ಆಡಿ ನೋಡುವುದಕ್ಕೆ ಅಷ್ಟು ಖರ್ಚಿಲ್ಲ. ಆದರೂ ನಮ್ಮಲ್ಲಿ ಅನೇಕ ತಂಡಗಳು ಮೊದಲು ಕೈಬಿಡುವುದು ಈ ತಾಲೀಮನ್ನೇ. ಹೆಸರಾಂತ ಹಾಸ್ಯನಟರ ಕೆಲವೇ ದಿನಗಳ ಕಾಲ್‌ಶೀಟ್ ಪಡೆದು, ಸೆಟ್ಟಿನಲ್ಲಿಯೇ ಸಂಭಾಷಣೆ ಕೊಟ್ಟು ಚಿತ್ರೀಕರಣ ಮುಗಿಸುತ್ತಾರೆ. ಆಮೇಲೆ ತಪ್ಪಿಹೋದ ಕ್ಷಣಗಳನ್ನೆಲ್ಲ ಹಿನ್ನೆಲೆ ಸಂಗೀತದ ಅಬ್ಬರದಿಂದ ಮುಚ್ಚುವ ಪ್ರಯತ್ನ ನಡೆಯುತ್ತದೆ. ಆ ಅಬ್ಬರಕ್ಕೆ ಕಿವಿ ಬೆಚ್ಚುತ್ತದೆಯೇ ಹೊರತು ಮನಸ್ಸು ಹೆದರುವುದಿಲ್ಲ.

ನೀವು ಹೆಸರಿಸಿದ ಜಪಾನೀ ಚಿತ್ರದ ಹಿನ್ನೆಲೆಯನ್ನು ಗಮನಿಸಿ. ನಿರ್ದೇಶಕ ಶಿನಿಚಿರೊ ಉಎದಾ ಅದನ್ನು ಟೋಕಿಯೋದ ಒಂದು ಸಿನಿಮಾ ಮತ್ತು ನಟನಾ ಶಾಲೆಯ ಕಾರ್ಯಾಗಾರದ ಯೋಜನೆಯಾಗಿ, ಸುಮಾರು 30 ಲಕ್ಷ ಯೆನ್ ವೆಚ್ಚದಲ್ಲಿ ಮಾಡಿದರು. ಹೆಸರಿಲ್ಲದ ನಟರೊಂದಿಗೆ ಕೂಡಿ ಕೆಲಸ ಮಾಡುವ ಅವಕಾಶ ಅವರಿಗೆ ಸಿಕ್ಕಿದ್ದು ಹೀಗೆ. ಮೊದಲು ಬೆರಳೆಣಿಕೆಯ ಚಿತ್ರಮಂದಿರಗಳಲ್ಲಿ ಕಾಣಿಸಿಕೊಂಡ ಆ ಚಿತ್ರ ಬಾಯಿಮಾತಿನಿಂದಲೇ ಬೆಳೆದು ಕೊನೆಗೆ 300 ಕೋಟಿ ಯೆನ್‌ಗಿಂತ ಹೆಚ್ಚು ಗಳಿಸಿತು. ಇಲ್ಲಿಂದ ಮುಂದಿನ ಸಾಲುಗಳನ್ನು ಚಿತ್ರ ನೋಡದವರು ಓದಬಾರದೆಂದು ವಿನಂತಿಸುತ್ತೇನೆ. ಅದರ ಮೊದಲ 37 ನಿಮಿಷಗಳು ಕತ್ತರಿಯಿಲ್ಲದ ಒಂದೇ ಶಾಟ್. ಆ ಶಾಟ್ ಬಹಳ ಕಡೆ ವಿಚಿತ್ರವಾಗಿ ತೊದಲುತ್ತದೆ: ಸೋಂಬಿಗಳು, ಅಂದರೆ ನಡೆದಾಡುವ ಹೆಣಗಳು, ಹೊರಗೆ ಕಾದಿರುವಾಗ ಪಾತ್ರಗಳು ಸುಮ್ಮನೆ ಹವ್ಯಾಸಗಳ ಬಗ್ಗೆ ಮಾತನಾಡುತ್ತಾ ನಿಲ್ಲುತ್ತವೆ, ಕ್ಯಾಮೆರಾ ನೆಲಕ್ಕೆ ಬಿದ್ದು ಅಲ್ಲಿಯೇ ಉಳಿಯುತ್ತದೆ, ಮಸೂರಕ್ಕೆ ಸಿಡಿದ ರಕ್ತವನ್ನು ಯಾರೋ ಒರೆಸುತ್ತಾರೆ. ಎರಡನೆಯ ಭಾಗ ಒಂದು ತಿಂಗಳು ಹಿಂದಕ್ಕೆ ಹೋಗಿ, ಈ ಶಾಟ್ ವಾಸ್ತವದಲ್ಲಿ ಒಂದು ಟಿವಿ ವಾಹಿನಿಯ ನೇರಪ್ರಸಾರದ ಕಾರ್ಯಕ್ರಮವೆಂದು ತಿಳಿಸುತ್ತದೆ. ಮೂರನೆಯ ಭಾಗದಲ್ಲಿ ಅದೇ 37 ನಿಮಿಷಗಳನ್ನು ಕ್ಯಾಮೆರಾದ ಹಿಂದಿನಿಂದ ನೋಡುತ್ತೇವೆ. ಆಗ ಪ್ರತಿಯೊಂದು ತೊದಲಿಗೂ ಒಂದೊಂದು ಕಾರಣ ಸಿಕ್ಕಿ, ಅಲ್ಲಿಯವರೆಗೆ ಕೂಡಿಟ್ಟಿದ್ದ ಬೇಸರವೆಲ್ಲ ನಗುವಾಗಿ ಹೊರಬರುತ್ತದೆ. ಬಡತನವನ್ನು ಮುಚ್ಚಿಡುವ ಬದಲು ಅದನ್ನೇ ಕಥೆಯ ವಸ್ತುವನ್ನಾಗಿ ಮಾಡಿದ ಚಿತ್ರವಿದು. ಆದರೆ ಅದಕ್ಕೆ ನೋಡುಗನ ತಾಳ್ಮೆಯ ಸಾಲ ಬೇಕು, ಮತ್ತು ಆ ಸಾಲವನ್ನು ಎಲ್ಲರೂ ಕೊಡುವುದಿಲ್ಲ. ಅರ್ಧ ಗಂಟೆಗೆ ನಿಲ್ಲಿಸಿದವರು ನೋಡಿದ್ದು ಸಾಮಾನ್ಯ ಗುಣಮಟ್ಟದ ಒಂದು ಸೋಂಬಿ ಚಿತ್ರವನ್ನಷ್ಟೇ. ಅವರ ತೀರ್ಪು ಅವರು ನೋಡಿದಷ್ಟರ ಮಟ್ಟಿಗೆ ಸರಿಯಾಗಿಯೇ ಇದೆ.

ಉತ್ತರ: ಎರಡನೇ_ಆಟ

ಮೇಲಿನ ಉತ್ತರವನ್ನು ಗೌರವದಿಂದ ಓದಿದೆ. ಆದರೂ ಭಿನ್ನಾಭಿಪ್ರಾಯವನ್ನು ದಾಖಲಿಸಬೇಕಾಗಿದೆ. ‘ಬಜೆಟ್ ಕಡಿಮೆ, ಆದ್ದರಿಂದ ಸಹಿಸಿಕೊಳ್ಳಿ’ ಎಂಬ ಮಾತನ್ನು ನಾನು ಒಪ್ಪಲಾರೆ. ಸಾಮಾನ್ಯ ನೋಡುಗನಿಗೆ ಚಿತ್ರದ ಬಂಡವಾಳ ನೋಡಿ ಟಿಕೆಟ್ ದರದಲ್ಲಿ ರಿಯಾಯಿತಿ ಸಿಗುವುದಿಲ್ಲ. ಹೊರದೇಶದ ಎಂಟು ಹತ್ತು ಒಳ್ಳೆಯ ಉದಾಹರಣೆಗಳನ್ನು ಎದುರಿಗಿಟ್ಟುಕೊಂಡು ಇಡೀ ಪ್ರಕಾರವನ್ನು ಹೊಗಳುವಾಗ, ನಮ್ಮ ಭಾಷೆಗಳಲ್ಲಿ ವರ್ಷವರ್ಷವೂ ಬಂದು ಹೋಗುವ ಚಿತ್ರಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವುಗಳ ಅಚ್ಚು ಎಲ್ಲರಿಗೂ ಗೊತ್ತು. ಊರಾಚೆಯ ಒಂದು ಹಳೆಯ ಬಂಗಲೆ ಇರುತ್ತದೆ. ಅದನ್ನು ಕೊಳ್ಳಲೋ ಮಾರಲೋ ಕದಿಯಲೋ ನಾಲ್ಕೈದು ಜನ ಹಾಸ್ಯನಟರು ಒಳಹೊಗುತ್ತಾರೆ. ಇಂಟರ್‌ವಲ್ಲಿನ ತನಕ ಬಾಗಿಲು ಕಿರುಗುಟ್ಟುತ್ತದೆ, ಆಮೇಲೆ ದೆವ್ವದ ಫ್ಲ್ಯಾಶ್‌ಬ್ಯಾಕ್ ಬರುತ್ತದೆ.

ನನ್ನ ಮುಖ್ಯ ಆಕ್ಷೇಪ ಆ ಫ್ಲ್ಯಾಶ್‌ಬ್ಯಾಕಿನ ಬಗ್ಗೆಯೇ. ಬಹಳಷ್ಟು ಸಲ ಅದು ಒಬ್ಬ ಹೆಣ್ಣಿನ ಮೇಲೆ ನಡೆದ ಅತ್ಯಾಚಾರ ಮತ್ತು ಕೊಲೆಯ ಕಥೆಯಾಗಿರುತ್ತದೆ. ಒಂದೂವರೆ ಗಂಟೆ ಅದೇ ಹೆಣ್ಣಿನ ರೂಪವನ್ನು, ಕೂದಲನ್ನು, ನಡಿಗೆಯನ್ನು ನಗೆಪಾಟಲು ಮಾಡಿದ ಚಿತ್ರ, ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ನಾವು ಅವಳಿಗಾಗಿ ಕಣ್ಣೀರಿಡಬೇಕೆಂದು ಬಯಸುತ್ತದೆ. ಇದು ಹಣದ ಕೊರತೆಯಿಂದ ಆದ ತಪ್ಪಲ್ಲ, ಬರವಣಿಗೆಯಲ್ಲಿ ಮನುಷ್ಯರ ಬಗ್ಗೆ ಕಾಳಜಿಯಿಲ್ಲದ್ದರಿಂದ ಆದ ತಪ್ಪು. ದಪ್ಪ ಮೈಯವರನ್ನು ಹೀಯಾಳಿಸುವ ಮಾತುಗಳನ್ನೂ, ಸೀರೆಯುಟ್ಟ ಗಂಡಸು ಎಂಬ ಒಂದೇ ಕಾರಣಕ್ಕೆ ನಗಬೇಕೆಂದು ಒತ್ತಾಯಿಸುವ ದೃಶ್ಯಗಳನ್ನೂ ಇದೇ ಸಾಲಿಗೆ ಸೇರಿಸುತ್ತೇನೆ. ನನಗೆ ಈ ಪ್ರಕಾರ ಹಿಡಿಸದಿರುವುದಕ್ಕೆ ರುಚಿಯ ವ್ಯತ್ಯಾಸ ಕಾರಣವಲ್ಲ. ಯಾರ ಸಂಕಟವನ್ನು ನಗೆಯ ಸರಕಾಗಿ ಬಳಸುತ್ತಿದ್ದಾರೆ ಎಂಬುದು ನೋಡುವಾಗಲೇ ಕಾಣುತ್ತಿರುವುದು ಕಾರಣ.

ಉತ್ತರ: ಉಳ್ಳಾಲ_ಕಡಲು

ಎರಡನೇ_ಆಟ ಅವರ ಆಕ್ಷೇಪ ನ್ಯಾಯವಾದದ್ದು. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ‘ಸು ಫ್ರಮ್ ಸೋ’ ಬಗ್ಗೆ ಬರೆಯುತ್ತೇನೆ. ನಮ್ಮ ಕಡೆಯ ನಾಟಕಗಳನ್ನು ಚಿಕ್ಕಂದಿನಿಂದ ನೋಡುತ್ತಾ ಬೆಳೆದವಳಾದ್ದರಿಂದ ಆ ಚಿತ್ರದ ಕೆಲವು ಸಂಗತಿಗಳು ನನಗೆ ಬೇಗ ಕಂಡವು.

ಜೆ.ಪಿ. ತುಮಿನಾಡು ಬರೆದು, ನಿರ್ದೇಶಿಸಿ, ಮುಖ್ಯ ಪಾತ್ರವನ್ನೂ ಮಾಡಿರುವ ಈ ಚಿತ್ರದಲ್ಲಿ ಅಶೋಕನೆಂಬ ಹುಡುಗ ತಾನು ಸಿಕ್ಕಿಬಿದ್ದ ಮುಜುಗರದಿಂದ ಪಾರಾಗಲು ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ. ಆ ದೆವ್ವ ಸೋಮೇಶ್ವರದ ಸುಲೋಚನಾ ಎಂದು ಇಡೀ ಊರು ನಂಬುತ್ತದೆ. ಇಲ್ಲಿ ತೆರೆಯ ಮೇಲೆ ದೆವ್ವದ ಮೇಕಪ್ಪಿಗಾಗಲೀ ಗ್ರಾಫಿಕ್ಸಿಗಾಗಲೀ ಖರ್ಚು ಮಾಡಬೇಕಾದ ಅಗತ್ಯವೇ ಬೀಳುವುದಿಲ್ಲ. ಭಯವೆಲ್ಲ ಊರಿನವರ ಮುಖದಲ್ಲಿದೆ. ಅವರ ಭಯ ನಿಜವಾದದ್ದು, ಅದನ್ನು ಯಾರೂ ಕೀಳಾಗಿ ಕಂಡಿಲ್ಲ. ರಾತ್ರಿ ಹೊರಗೆ ಹೋಗಲು ಜೊತೆಗೊಬ್ಬರನ್ನು ಕರೆಯುವ ಗಟ್ಟಿಮುಟ್ಟಾದ ಗಂಡಸರು, ಪರಿಹಾರಕ್ಕೆಂದು ಗುರೂಜಿಯನ್ನು ಕರೆತರುವ ಹಿರಿಯರು, ಊರಿಗೆಲ್ಲ ಮುಂದಾಳಾಗಿ ಓಡಾಡುವ ರವಿಯಣ್ಣ: ಇವರೆಲ್ಲ ನಮ್ಮ ಊರುಗಳಲ್ಲಿ ದಿನವೂ ಎದುರಾಗುವ ಜನ. ನಾವು ನಕ್ಕಾಗಲೂ ಅವರು ನಮ್ಮವರಾಗಿಯೇ ಉಳಿಯುತ್ತಾರೆ.

ಇದರ ನಟರಲ್ಲಿ ಹಲವರು ಕರಾವಳಿಯ ರಂಗಭೂಮಿಯಿಂದ ಬಂದವರು. ತುಳು ನಾಟಕ ತಂಡಗಳು ಒಂದೇ ನಾಟಕವನ್ನು ಜಾತ್ರೆ, ವಾರ್ಷಿಕೋತ್ಸವ, ಸಂಘದ ಕಾರ್ಯಕ್ರಮ ಎಂದು ಊರೂರಲ್ಲಿ ಆಡುತ್ತವೆ. ಯಾವ ಮಾತಿಗೆ ಎಷ್ಟು ಹೊತ್ತು ನಿಂತರೆ ಮುಂದಿನ ಸಾಲಿನ ಅಜ್ಜಿಯೂ ಹಿಂದಿನ ಸಾಲಿನ ಹುಡುಗರೂ ಒಟ್ಟಿಗೆ ನಗುತ್ತಾರೆ ಎಂಬುದನ್ನು ಆ ನಟರು ಜನರ ಎದುರಿನಲ್ಲಿಯೇ ಕಲಿತಿರುತ್ತಾರೆ. ಸಂಕಲನದ_ಮೇಜು ಅವರು ಹೇಳಿದ ತಾಲೀಮು ಇಲ್ಲಿ ಚಿತ್ರ ಶುರುವಾಗುವ ಮೊದಲೇ ವರ್ಷಗಟ್ಟಲೆ ನಡೆದಿತ್ತು ಎನ್ನಬೇಕು. ಕೆಲವೇ ಕೋಟಿಗಳ ಈ ಚಿತ್ರಕ್ಕೆ ಬಿಡುಗಡೆಯಾದ ಮೇಲೆ ಬಾಯಿಮಾತಿನಿಂದ ಶೋಗಳು ಏರುತ್ತಾ ಹೋದವು. ಗಳಿಕೆ ನೂರು ಕೋಟಿ ದಾಟಿತೆಂದು ಪತ್ರಿಕೆಗಳು ಬರೆದವು.

ಹೆಣ್ಣಿನ ಸಂಕಟದ ಪ್ರಶ್ನೆಗೆ ಬರುತ್ತೇನೆ. ಉತ್ತರಾರ್ಧದಲ್ಲಿ ಸುಲೋಚನಾಳ ಮಗಳು ಭಾನು ಕಥೆಯೊಳಗೆ ಬಂದಾಗ, ಅಲ್ಲಿಯವರೆಗೆ ಹುಡುಗಾಟವಾಗಿದ್ದ ಸುಳ್ಳಿಗೆ ಹೊಣೆ ಹುಟ್ಟುತ್ತದೆ. ಸತ್ತವಳ ಹೆಸರನ್ನು ತಮಾಷೆಗೆ ಬಳಸಿದವನು ಬದುಕಿರುವ ಅವಳ ಮಗಳ ಮುಂದೆ ನಿಲ್ಲಬೇಕಾಗುತ್ತದೆ, ಮತ್ತು ಅದೇ ಸುಳ್ಳನ್ನು ಅವಳ ನೆರವಿಗೆ ತಿರುಗಿಸಬೇಕಾಗುತ್ತದೆ. ಫ್ಲ್ಯಾಶ್‌ಬ್ಯಾಕ್ ತಂದು ಕಣ್ಣೀರು ಕೇಳುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಈ ತಿರುವು ತುಸು ಅವಸರದಲ್ಲಿ ಬಂದಿತೆಂದು ನನಗೂ ಅನ್ನಿಸಿತು. ಭಾನುವಿನ ಪಾತ್ರಕ್ಕೆ ಇನ್ನೂ ಹೆಚ್ಚು ಮಾತು ಬೇಕಾಗಿತ್ತು. ಆದರೆ ದಿಕ್ಕು ಸರಿಯಾಗಿತ್ತು.

ಪ್ರಸಂಗವಶಾತ್ ಇನ್ನೊಂದು ಮಾತು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿಯೂ ಹಳ್ಳಿಗಳಲ್ಲಿಯೂ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದದ್ದು ಅನೇಕರಿಗೆ ನೆನಪಿರಬಹುದು. ಆ ನಂಬಿಕೆಯನ್ನು 2018ರಲ್ಲಿ ಹಿಂದಿಯ ‘ಸ್ತ್ರೀ’ ಚಿತ್ರ ಮಧ್ಯಪ್ರದೇಶದ ಚಂದೇರಿಗೆ ಒಯ್ದು ದೊಡ್ಡ ಯಶಸ್ಸು ಗಳಿಸಿತು. ಹಾರರ್ ಕಾಮಿಡಿಗೆ ಬೇಕಾದ ಅತ್ಯಂತ ಅಗ್ಗದ ಮತ್ತು ಅತ್ಯಂತ ಬೆಲೆಬಾಳುವ ಸಾಮಗ್ರಿ ಇಂಥ ನಂಬಿಕೆಗಳೇ. ನಮ್ಮ ನೆಲದಲ್ಲಿ ಅವು ಬೇಕಾದಷ್ಟಿರುವಾಗ ಬರಹಗಾರರು ಪುನಃ ಪುನಃ ಅದೇ ಬಂಗಲೆಗೆ ಏಕೆ ಹೋಗುತ್ತಾರೋ ತಿಳಿಯದು.

ಉತ್ತರ: ಹೇಮಾವತಿ_ದಂಡೆ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಎರಡನೇ_ಆಟ ಅವರು ಹೇಳಿದ ಹೆಣ್ಣು ದೆವ್ವದ ವಿಚಾರವನ್ನು ಅಕ್ಕನಿಗೆ ಓದಿ ಹೇಳಿದೆ. ಅವಳ ಅಸಮಾಧಾನಕ್ಕೂ ಅದೇ ಬಹುಪಾಲು ಕಾರಣವೆಂದಳು. ಇನ್ನೊಂದು ಅನುಮಾನ ಉಳಿದಿದೆ. ಅಮೆರಿಕದ ನಿರ್ದೇಶಕ ಸ್ಯಾಮ್ ರೈಮಿ ಅವರ ‘ಈವಿಲ್ ಡೆಡ್’ ಸರಣಿಯನ್ನು ಎಲ್ಲರೂ ಈ ಪ್ರಕಾರದ ಮೈಲಿಗಲ್ಲು ಎನ್ನುತ್ತಾರೆ, ಆದರೆ ಮೊದಲ ಭಾಗದಲ್ಲಿ ನನಗೆ ಹಾಸ್ಯ ಅಷ್ಟಾಗಿ ಕಾಣಲಿಲ್ಲ. ಹಣವಿಲ್ಲದ್ದರಿಂದ ಅನಿವಾರ್ಯವಾಗಿ ಹಾಸ್ಯ ಬಂದಿತೆಂಬ ಮಾತು ಅಲ್ಲಿ ಹೊಂದುತ್ತದೆಯೇ?

ಉತ್ತರ: ಸಂಕಲನದ_ಮೇಜು

ಹೊಂದುವುದಿಲ್ಲ. 1981ರ ಮೊದಲ ಭಾಗ ಹೆದರಿಸುವುದಕ್ಕೆಂದೇ ಮಾಡಿದ ಚಿತ್ರ. ಮಿಶಿಗನ್ನಿನ ಶಾಲಾದಿನಗಳಿಂದ ಮನೆಬಳಕೆಯ ಸಣ್ಣ ಫಿಲ್ಮಿನ ಸೂಪರ್ 8 ಕ್ಯಾಮೆರಾದಲ್ಲಿ ಕಿರುಚಿತ್ರಗಳನ್ನು ಮಾಡುತ್ತಿದ್ದ ಗೆಳೆಯರ ಗುಂಪು, ಮೊದಲು ಒಂದು ಮಾದರಿ ಕಿರುಚಿತ್ರ ತೋರಿಸಿ ಬಂಡವಾಳ ಕೂಡಿಸಿ, ಟೆನೆಸ್ಸಿ ರಾಜ್ಯದ ಕಾಡಿನ ಒಂದು ಪಾಳು ಮನೆಯಲ್ಲಿ ಚಳಿಯಲ್ಲಿ ಅದನ್ನು ಚಿತ್ರೀಕರಿಸಿತು. ಕ್ಯಾಮೆರಾವನ್ನು ನುಣುಪಾಗಿ ಚಲಿಸುವಂತೆ ಮಾಡುವ ದುಬಾರಿ ಉಪಕರಣ ಅವರಲ್ಲಿರಲಿಲ್ಲ. ಆದ್ದರಿಂದ ಉದ್ದನೆಯ ಮರದ ಹಲಗೆಗೆ ಕ್ಯಾಮೆರಾ ಬಿಗಿದು, ಎರಡು ತುದಿಗಳನ್ನು ಇಬ್ಬರು ಹಿಡಿದು ಕಾಡಿನ ನೆಲದ ಮೇಲೆ ಓಡಿದರು. ಮರಗಳ ನಡುವೆ ಮನೆಯತ್ತ ನುಗ್ಗಿ ಬರುವ ಆ ನೋಟ ಕಾಣದ ಶಕ್ತಿಯೊಂದರ ಕಣ್ಣಾಯಿತು. ಆ ಶಕ್ತಿಗೆ ರೂಪ ಕೊಡುವ ಖರ್ಚು ಉಳಿಯಿತು, ಭಯ ಮಾತ್ರ ಹೆಚ್ಚಿತು.

ಹಾಸ್ಯ ಪೂರ್ತಿಯಾಗಿ ಬಂದದ್ದು 1987ರ ಎರಡನೆಯ ಭಾಗದಲ್ಲಿ, ಅಂದರೆ ಬಜೆಟ್ ಸುಮಾರು ಹತ್ತು ಪಟ್ಟು ಹೆಚ್ಚಿದ ಮೇಲೆ. ಹಣ ಬಂದಾಗ ರೈಮಿ ಅದನ್ನು ಹೆಚ್ಚು ಹೆದರಿಸಲು ಬಳಸದೆ, ತಮಗೆ ಚಿಕ್ಕಂದಿನಿಂದ ಪ್ರಿಯವಾಗಿದ್ದ ಹೊಡೆದಾಟದ ಹಾಸ್ಯದ ಕಡೆಗೆ ತಿರುಗಿಸಿದರು. ನಾಯಕನ ಕೈಯೊಂದೇ ದೆವ್ವದ ವಶವಾಗಿ ಅವನನ್ನೇ ಬಡಿಯುವ ದೃಶ್ಯವನ್ನು ನೋಡಿ: ಬ್ರೂಸ್ ಕ್ಯಾಂಪ್ಬೆಲ್ ತಟ್ಟೆಗಳನ್ನು ತಮ್ಮ ತಲೆಗೆ ತಾವೇ ಒಡೆದುಕೊಳ್ಳುತ್ತಾ, ಆ ಕೈ ತಮ್ಮದಲ್ಲವೆಂದು ದೇಹದ ಉಳಿದ ಭಾಗದಿಂದ ನಂಬಿಸುತ್ತಾರೆ. ಅಲ್ಲಿ ದುಬಾರಿಯಾದ ತಂತ್ರ ಯಾವುದೂ ಇಲ್ಲ. ಇದರೊಂದಿಗೆ ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ ಅದೇ ವರ್ಷ ಮುಗಿಸಿದ ‘ಬ್ಯಾಡ್ ಟೇಸ್ಟ್’ ಚಿತ್ರವನ್ನು ಹೋಲಿಸಿ ನೋಡಬಹುದು. ವಾರಾಂತ್ಯಗಳಲ್ಲಿ ಗೆಳೆಯರನ್ನು ಕೂಡಿಸಿಕೊಂಡು ನಾಲ್ಕು ವರ್ಷ ಚಿತ್ರೀಕರಿಸಿದ ಅವರು, ಅನ್ಯಗ್ರಹದವರ ಮುಖವಾಡಗಳನ್ನು ತಾಯಿಯ ಅಡುಗೆಮನೆಯ ಓವನ್ನಿನಲ್ಲಿ ಬೇಯಿಸಿ ತಯಾರಿಸಿದರು. ಅದರಲ್ಲಿ ರಕ್ತ ಮಾಂಸಗಳ ಅಸಹ್ಯವೇ ಹಾಸ್ಯದ ಮೂಲವಾದ್ದರಿಂದ ನಿಮ್ಮ ಭಾವನವರಿಗೆ ಅದನ್ನು ತೋರಿಸಬೇಡಿ. ಮೊದಲು ರೋಜರ್ ಕಾರ್ಮನ್ 1960ರಲ್ಲಿ ಹೊರತಂದ, ಬೇರೊಂದು ಚಿತ್ರದ ಸೆಟ್ಟನ್ನು ಬಳಸಿಕೊಂಡು ಮುಖ್ಯ ಭಾಗವನ್ನು ಎರಡೇ ದಿನಗಳಲ್ಲಿ ಚಿತ್ರೀಕರಿಸಿದ ‘ದ ಲಿಟಲ್ ಶಾಪ್ ಆಫ್ ಹಾರರ್ಸ್’ ತೋರಿಸಿ. ಮನುಷ್ಯರನ್ನು ತಿನ್ನುವ ಗಿಡದ ಕಥೆಯಾದರೂ ಅದರಲ್ಲಿ ಕಣ್ಣು ಮುಚ್ಚಿಕೊಳ್ಳಬೇಕಾದ ದೃಶ್ಯಗಳು ಕಡಿಮೆ, ಅವಧಿಯೂ ಒಂದೂಕಾಲು ಗಂಟೆಗಿಂತ ಹೆಚ್ಚಿಲ್ಲ.